ಚಳಿಗಾಲಕ್ಕೊಂದು ಬೆಚ್ಚನೆಯ ಊರು

ಮಾರ್ಗಶಿರ ಕಾಲಿಟ್ಟಿತೆಂದರೆ ನಮಗೆ ಬರುವ ಪತ್ರಗಳ ಧಾಟಿಯೇ ಬದಲಾಗುತ್ತದೆ. ಹಿಮ್ಮಡಿ ಒಡೆದಿದೆ, ಏನು ಹಚ್ಚಲಿ? ರಾತ್ರಿ ಹೆಪ್ಪು ಹಾಕಿದ ಹಾಲು ಬೆಳಗಾದರೂ ಹಾಲಾಗಿಯೇ ಇರುತ್ತದೆ, ಏನು ಮಾಡಲಿ? ಈ ಸಲ ಇವುಗಳ ನಡುವೆ ಚಿಕ್ಕಮಗಳೂರು ಜಿಲ್ಲೆಯ ಸೋದರಿಯೊಬ್ಬರ ಪತ್ರವಿದೆ. ಅವರ ಅತ್ತೆಯವರಿಗೆ 72 ವರ್ಷ, ಎರಡೂ ಮಂಡಿ ನೋವು. ಚಳಿ ಬಿದ್ದರೆ ರಾತ್ರಿಯೆಲ್ಲ ನರಳಾಟ. "ಅವರು ಏಳ್ತಾರೆ, ನಾನೂ ಏಳ್ತೀನಿ. ಬಿಸಿನೀರಿನ ಚೀಲ ಕೊಟ್ಟು ಮತ್ತೆ ಮಲಗೋಷ್ಟರಲ್ಲಿ ಹಾಲಿನವನು ಬಂದಿರ್ತಾನೆ" ಎಂದು ಬರೆದಿದ್ದಾರೆ. ಒಂದು ನಾಲ್ಕು ದಿನ ಬೆಚ್ಚಗಿರುವ ಕಡೆ ಹೋಗಿ ಬರೋಣವೆಂದರೆ ಮನೆಯಲ್ಲಿ ಒಮ್ಮತವಿಲ್ಲ. ಯಜಮಾನರು ಈಗ ರೂಮು ಅಗ್ಗವೆಂದು ಊಟಿಗೆ ಹೊರಟಿದ್ದಾರೆ. ಮೈದುನ ಕಾಶಿಗೆ ಅನ್ನುತ್ತಾರೆ. ಯಾರ ಮಾತು ಕೇಳಲಿ ಎಂಬುದು ಸೋದರಿಯ ಪ್ರಶ್ನೆ.

ಇಬ್ಬರ ಮಾತೂ ಬೇಡಮ್ಮ. ಜನವರಿಯಲ್ಲಿ ಊಟಿಯ ಹುಲ್ಲಿನ ಮೇಲೆ ಬೆಳಗಿನ ಹೊತ್ತು ಹಿಮ ಕಟ್ಟಿರುತ್ತದೆ. ರೂಮು ಅಗ್ಗವಾಗಿರುವುದು ಸುಮ್ಮನೆ ಅಲ್ಲ! ಕಾಶಿಯಲ್ಲಿ ಆ ತಿಂಗಳ ರಾತ್ರಿ 9 ಡಿಗ್ರಿಯ ಆಸುಪಾಸು, ಮೇಲೆ ದಟ್ಟ ಮಂಜು, ರೈಲುಗಳು ಗಂಟೆಗಟ್ಟಲೆ ತಡ. ನಡುಗುತ್ತಾ ಸ್ಟೇಷನ್ನಿನ ಬೆಂಚಿನ ಮೇಲೆ ಕೂರುವ ಪುಣ್ಯ ಮಂಡಿನೋವಿನವರಿಗೆ ಯಾಕೆ? ವಿಶ್ವನಾಥ ಎಲ್ಲಿಗೂ ಹೋಗುವುದಿಲ್ಲ, ಫೆಬ್ರವರಿ ಕಳೆದ ಮೇಲೆ ದರ್ಶನ ಮಾಡಬಹುದು.

ಊರು ಆರಿಸುವಾಗ ನಾವೆಲ್ಲ ನೋಡುವುದು ಹಗಲನ್ನು. ಅಲ್ಲಿ ಬಿಸಿಲಿದೆಯಂತೆ, ಹೋಗೋಣ ಅನ್ನುತ್ತೇವೆ. ವಯಸ್ಸಾದವರನ್ನು ಕಾಡುವುದು ರಾತ್ರಿ ಮತ್ತು ಬೆಳಗಿನ ಜಾವ. ವಿಜಯಪುರವನ್ನೇ ತೆಗೆದುಕೊಳ್ಳಿ. ಜನವರಿಯ ಮಧ್ಯಾಹ್ನ ಅಲ್ಲಿ 30 ಡಿಗ್ರಿಯಷ್ಟು ಬಿಸಿಲು, ಮಂಗಳೂರಿಗೆ ಹೆಚ್ಚುಕಡಿಮೆ ಸಮಸಮ. ಸೂರ್ಯ ಮುಳುಗಲಿ, ಆಗ ನೋಡಿ. ವಿಜಯಪುರ 15ಕ್ಕೆ ಇಳಿಯುತ್ತದೆ. ಶೀತಗಾಳಿ ಬೀಸಿದ ವರ್ಷ 10ಕ್ಕಿಂತ ಕೆಳಗೂ ಹೋದದ್ದುಂಟು. ಮಂಗಳೂರು ಮಾತ್ರ 21ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಗುಜರಾತಿನ ಕಚ್ಛ್, ರಾಜಸ್ಥಾನದ ಮರುಭೂಮಿ ಅಂದರೆ ಬರೀ ಬಿಸಿಲು ಅಂದುಕೊಂಡು ತೆಳು ಸೀರೆ ಕಟ್ಟಿಕೊಂಡು ಹೋದವರು ರಾತ್ರಿ ಕಂಬಳಿ ಹುಡುಕುವುದೂ ಇದೇ ಕಾರಣಕ್ಕೆ.

ಇದರ ಗುಟ್ಟು ನಮ್ಮ ಅಡುಗೆಮನೆಯಲ್ಲೇ ಇದೆ. ಕಾವಲಿ ಬೇಗ ಕಾಯುತ್ತದೆ, ಒಲೆ ಆರಿಸಿದರೆ ಬೇಗ ಆರುತ್ತದೆ. ಹಂಡೆಯ ನೀರು ಕಾಯಲು ಹೊತ್ತು ಬೇಕು, ಆದರೆ ಮಧ್ಯಾಹ್ನದವರೆಗೂ ಬೆಚ್ಚಗಿರುತ್ತದೆ. ನೆಲ ಕಾವಲಿಯಿದ್ದ ಹಾಗೆ, ಸಮುದ್ರ ಹಂಡೆಯಿದ್ದ ಹಾಗೆ. ಜೊತೆಗೆ ಕಡಲ ತಡಿಯ ಗಾಳಿಯಲ್ಲಿ ನೀರಿನ ಪಸೆ ಹೆಚ್ಚು. ಒಣ ಗಾಳಿಯ ಊರಿನಲ್ಲಿ ನೆಲದ ಬಿಸಿ ರಾತ್ರಿ ಆಕಾಶಕ್ಕೆ ಸಲೀಸಾಗಿ ಹಾರಿಹೋಗುತ್ತದೆ. ಪಸೆಯಿರುವ ಗಾಳಿ ಅದನ್ನು ಹೊದಿಕೆಯಂತೆ ತಡೆದು ಇಟ್ಟುಕೊಳ್ಳುತ್ತದೆ.

ಹಾಗಾದರೆ ಯಾವ ಕಡಲು? ನಮ್ಮ ದೇಶಕ್ಕೆ ಎರಡು ಕರಾವಳಿ, ಎರಡು ಮಳೆಗಾಲ. ನಮ್ಮ ಪಶ್ಚಿಮದ ಕರಾವಳಿಯಲ್ಲಿ ಡಿಸೆಂಬರಿಗೆಲ್ಲ ಮಳೆ ಸಾಮಾನ್ಯವಾಗಿ ಮುಗಿದಿರುತ್ತದೆ. ಕಾರವಾರದಿಂದ ಮಂಗಳೂರಿನವರೆಗೆ, ಕೆಳಗೆ ಕೇರಳದ ತೀರದಲ್ಲೂ ಫೆಬ್ರವರಿಯವರೆಗೆ ನಿಶ್ಚಿಂತೆ. ತಮಿಳುನಾಡಿನ ಕಡಲ ತಡಿಗೆ ಮುಖ್ಯ ಮಳೆ ಬರುವುದೇ ಅಕ್ಟೋಬರಿನಿಂದ ಡಿಸೆಂಬರಿಗೆ, ಅದು ಚಂಡಮಾರುತದ ಕಾಲವೂ ಹೌದು. ರಾಮೇಶ್ವರದ ಪಕ್ಕದ ಧನುಷ್ಕೋಟಿ ಊರು 1964ರ ಡಿಸೆಂಬರಿನಲ್ಲಿ ಇಂಥ ಚಂಡಮಾರುತಕ್ಕೇ ಸಿಕ್ಕಿ ಕೊಚ್ಚಿಹೋಯಿತು. ಆದ್ದರಿಂದ ರಾಮೇಶ್ವರ, ಕನ್ಯಾಕುಮಾರಿಗೆ ಹೊರಡುವವರು ಸಂಕ್ರಾಂತಿಯ ಎಳ್ಳುಬೆಲ್ಲ ಬೀರಿ ಮುಗಿಸಿಯೇ ಹೊರಡಿ. ಅಷ್ಟರಲ್ಲಿ ಅಯ್ಯಪ್ಪ ಭಕ್ತರ ದಟ್ಟಣೆಯೂ ಇಳಿದಿರುತ್ತದೆ. ನವೆಂಬರ್ ನಡುವಿನಿಂದ ಮಕರಜ್ಯೋತಿಯವರೆಗೆ ಕೇರಳದ ಕಡೆಯ ರೈಲಿನಲ್ಲಿ ಕಾಲಿಡಲು ಜಾಗ ಸಿಕ್ಕರೆ ಹೆಚ್ಚು.

ಪತ್ರ ಬರೆದ ಸೋದರಿಗೆ ನನ್ನ ಸಲಹೆ ಉಡುಪಿ. ಚಾರ್ಮಾಡಿ ಘಾಟಿ ಇಳಿದರೆ ಕರಾವಳಿ, ಒಂದೇ ಹಗಲಿನ ಪ್ರಯಾಣ. ಊರು ತೀರ ದೊಡ್ಡದಲ್ಲ, ದೇವಸ್ಥಾನ, ಊಟ, ವಸತಿ ಎಲ್ಲ ಹತ್ತಿರ ಹತ್ತಿರ, ಮಲ್ಪೆಯ ಕಡಲಿಗೆ ಆಟೋದಲ್ಲಿ ಸ್ವಲ್ಪ ಹೊತ್ತು. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ ಹೋಗುತ್ತದೆ. ಕಂಬ ಜೋಡಿಸಿದಂತಿರುವ ಅಲ್ಲಿನ ಕಪ್ಪು ಬಂಡೆ ನೋಡಲು ಚೆನ್ನ. ಆದರೆ ದೋಣಿ ಹತ್ತಿಳಿಯುವುದು ಅತ್ತೆಯವರಿಗೆ ಆಗದ ಕೆಲಸ, ಅದನ್ನು ಬಿಡಿ. ಒಂದು ದಿನ ಮುರುಡೇಶ್ವರಕ್ಕೆ ಹೋಗಿ ಬನ್ನಿ. ಅಲ್ಲಿನ ರಾಜಗೋಪುರದೊಳಗೆ ಲಿಫ್ಟ್ ಇದೆ. ಒಂದು ಮೆಟ್ಟಿಲೂ ಏರದೆ ಮೇಲಿನಿಂದ ಇಡೀ ಕಡಲನ್ನೂ ಶಿವನ 123 ಅಡಿಯ ಮೂರ್ತಿಯನ್ನೂ ನೋಡಬಹುದೆಂದರೆ ಮಂಡಿನೋವಿನವರಿಗೆ ಅದಕ್ಕಿಂತ ಇನ್ನೇನು ಬೇಕು! ಹೊರಡುವ ಮೊದಲು ಕ್ಯಾಲೆಂಡರ್ ನೋಡಿಕೊಳ್ಳಿ. ಎರಡು ವರ್ಷಕ್ಕೊಮ್ಮೆ, ಸಮಸಂಖ್ಯೆಯ ವರ್ಷಗಳಲ್ಲಿ, ಜನವರಿ 18ಕ್ಕೆ ಉಡುಪಿಯಲ್ಲಿ ಪರ್ಯಾಯ. ನೋಡತಕ್ಕ ಉತ್ಸವ ನಿಜ, ಆದರೆ ಆ ಎರಡು ಮೂರು ದಿನ ರೂಮು ಸಿಗುವುದಿಲ್ಲ, ನಿಲ್ಲಲು ಜಾಗವೂ ಇರುವುದಿಲ್ಲ.

ಉತ್ತರ ಕರ್ನಾಟಕದ ಅಕ್ಕಂದಿರಿಗೆ ಕಾರವಾರ, ಗೋಕರ್ಣ ಹತ್ತಿರ. ಯಲ್ಲಾಪುರ ದಾಟಿ ಅರಬೈಲು ಘಾಟಿ ಇಳಿಯುತ್ತಿದ್ದಂತೆ ಗಾಳಿಯೇ ಬೇರೆಯಾಗುತ್ತದೆ. ಕಾರವಾರದ ಕಡಲತೀರಕ್ಕೆ ಟಾಗೋರರ ಹೆಸರಿದೆ; ಅವರ ಅಣ್ಣ ಅಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ತರುಣ ರವೀಂದ್ರರು ಬಂದು ಉಳಿದಿದ್ದರು. ಗೋವೆ ಪಕ್ಕದಲ್ಲೇ ಇದೆಯಲ್ಲ ಅನ್ನಬೇಡಿ. ಕ್ರಿಸ್‌ಮಸ್ಸಿನಿಂದ ಹೊಸ ವರ್ಷದವರೆಗೆ ಅಲ್ಲಿನ ಬೆಲೆ ಕೇಳಿದರೇ ಮೈ ಬೆವರುತ್ತದೆ.

ರಾಮೇಶ್ವರದ ಆಸೆ ನಮ್ಮ ಹಿರಿಯರಿಗೆಲ್ಲ ಇರುತ್ತದೆ, ಚಳಿಗಾಲಕ್ಕೆ ಅದು ಒಳ್ಳೆಯ ಜಾಗವೂ ಹೌದು. ಸುತ್ತಲೂ ಕಡಲಿರುವ ದ್ವೀಪ. ಜನವರಿಯ ರಾತ್ರಿಯಲ್ಲೂ 24 ಡಿಗ್ರಿಯ ಆಸುಪಾಸು, ಹಗಲಿಗೂ ರಾತ್ರಿಗೂ ಹೆಚ್ಚು ವ್ಯತ್ಯಾಸವೇ ಇಲ್ಲ. ಮೈಸೂರು, ಬೆಂಗಳೂರಿನಿಂದ ಮಧುರೆಗೆ ರಾತ್ರಿ ರೈಲುಂಟು. ಅಲ್ಲಿ ಒಂದು ದಿನ ಮೀನಾಕ್ಷಿಯನ್ನು ನೋಡಿ, ದಣಿವಾರಿಸಿಕೊಂಡು ಮುಂದೆ ಹೋಗಿ. 1914ರ ಹಳೆಯ ಪಾಂಬನ್ ಸೇತುವೆಯ ಪಕ್ಕದಲ್ಲಿ ಕಟ್ಟಿದ ಹೊಸ ರೈಲು ಸೇತುವೆ 2025ರ ಏಪ್ರಿಲ್‌ನಲ್ಲಿ ಶುರುವಾಗಿದೆ. ಹಡಗು ಬಂದಾಗ ಅದರ ನಡುಭಾಗ ಲಿಫ್ಟಿನಂತೆ ಮೇಲೇಳುತ್ತದೆ, ಮೊಮ್ಮಕ್ಕಳಿಗೆ ಹೇಳಲು ಒಳ್ಳೆಯ ಕಥೆ. ಆದರೆ ಒಂದು ಮಾತು. ದೇವಸ್ಥಾನದೊಳಗೆ 22 ತೀರ್ಥಗಳು. ಒಂದೊಂದರಲ್ಲೂ ಬಾವಿಯಿಂದ ಸೇದಿ ತಲೆಯ ಮೇಲೆ ಸುರಿಯುತ್ತಾರೆ, ಅಲ್ಲಿಂದ ಒದ್ದೆ ಸೀರೆಯಲ್ಲೇ ಮುಂದಿನದಕ್ಕೆ ನಡೆಯಬೇಕು. ನೆಲ ಪೂರ್ತಿ ನೀರು, ಜಾರುತ್ತದೆ. ಸಾವಿರಕ್ಕೂ ಹೆಚ್ಚು ಕಂಬಗಳ ಆ ಉದ್ದನೆಯ ಪ್ರಾಕಾರದಲ್ಲಿ ಗಾಳಿಯೂ ಬೀಸುತ್ತಿರುತ್ತದೆ. ಬೆಚ್ಚನೆಯ ಊರೆಂದು ಹೋಗಿ ನಡುಕ ಹತ್ತಿಸಿಕೊಂಡು ಬರುವುದು ಹೀಗೆ. ವಯಸ್ಸಾದವರು ಬಿಸಿಲೇರಿದ ಮೇಲೆ ಹೋಗಲಿ. ಇಬ್ಬರು ಎರಡೂ ಕಡೆ ಕೈ ಹಿಡಿಯಲಿ. ಪೂರ್ತಿ ಆಗದವರಿಗೆ ಒಂದು ಚೊಂಬು ನೀರು ಪ್ರೋಕ್ಷಣೆ ಸಾಕು, ರಾಮನೇನೂ ಕೋಪಿಸಿಕೊಳ್ಳುವುದಿಲ್ಲ. ದರ್ಶನಕ್ಕೆ ಹೇಗೂ ಒಣಬಟ್ಟೆ ಉಟ್ಟೇ ಹೋಗಬೇಕು. ಹತ್ತಿಯ ಸೀರೆ, ಒಳಗಿನ ಬಟ್ಟೆ, ತಲೆ ಒರೆಸಲು ದಪ್ಪ ಟವೆಲ್ ಎಲ್ಲ ಒಂದೇ ಚೀಲದಲ್ಲಿ, ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ.

ಖರ್ಚಿನ ಮಾತಿಗೆ ಬರೋಣ. 2023ರ ಜೂನ್ 11ರಿಂದ ನಮ್ಮ ರಾಜ್ಯದ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿನ ದುಡ್ಡಿಲ್ಲ. ರಾಜ್ಯದ ವಿಳಾಸವಿರುವ ಗುರುತಿನ ಚೀಟಿ ಕೈಯಲ್ಲಿರಲಿ. ರಾಜಹಂಸ, ಏಸಿ, ಸ್ಲೀಪರ್ ಬಸ್ಸುಗಳಿಗೂ ಹೊರರಾಜ್ಯಕ್ಕೆ ಹೋಗುವ ಬಸ್ಸಿಗೂ ಇದು ನಡೆಯುವುದಿಲ್ಲ. ಇನ್ನೊಂದು, ಉಡುಪಿ–ಮಂಗಳೂರಿನ ಕಡೆ ಓಡುವ ಬಸ್ಸುಗಳಲ್ಲಿ ಬಹಳಷ್ಟು ಖಾಸಗಿಯವು. ಅಲ್ಲಿ ಚೀಟಿ ತೋರಿಸಿದರೆ ಕಂಡಕ್ಟರ್ ನಕ್ಕು ಕೈ ಚಾಚುತ್ತಾನೆ, ಚಿಲ್ಲರೆ ಇಟ್ಟುಕೊಂಡಿರಿ. ರೈಲಿಗಾದರೆ 60 ದಿನ ಮುಂಚೆ ಟಿಕೆಟ್ ಸಿಗಲು ಶುರು. ಹಿರಿಯರಿಗಿದ್ದ ದರದ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತಿತು. ಆದರೆ 45 ದಾಟಿದ ಹೆಂಗಸರಿಗೆ, 60 ದಾಟಿದ ಗಂಡಸರಿಗೆ ಕೆಳಗಿನ ಬರ್ತಿನ ಕೋಟಾ ಉಂಟು. ಅಂಥವರು ಒಬ್ಬರೋ ಇಬ್ಬರೋ ಇರುವ ಟಿಕೆಟ್ಟಿಗೆ ಇದು. ಮನೆಮಂದಿಯನ್ನೆಲ್ಲ ಒಂದೇ ಟಿಕೆಟ್ಟಿಗೆ ಸೇರಿಸಿದರೆ ಅಜ್ಜಿಗೆ ಮೇಲಿನ ಬರ್ತು ಬಂದು ಕೂತೀತು.

ರೂಮು ಹಿಡಿಯುವಾಗ ಫೋನಿನಲ್ಲೇ ಮೂರು ಪ್ರಶ್ನೆ ಕೇಳಿ. ನೆಲಮಾಳಿಗೆಯ ಮಾತಲ್ಲ, ರಸ್ತೆಮಟ್ಟದ ಅಂತಸ್ತಿನಲ್ಲಿ ರೂಮು ಇದೆಯೇ? ಕುರ್ಚಿಯಂತೆ ಕೂರುವ ಕಮೋಡ್ ಇದೆಯೇ? ಬಿಸಿನೀರು ಎಷ್ಟು ಗಂಟೆಯವರೆಗೆ? ಸಮುದ್ರ ಕಾಣುವ ಕಿಟಕಿಗಿಂತ ಈ ಮೂರು ಮುಖ್ಯ. ಬಂಧುಗಳ ಮನೆಯಿದೆಯಲ್ಲ, ರೂಮು ಯಾಕೆ ಎಂದು ಮನೆಯಲ್ಲಿ ಹೇಳಿಯೇ ಹೇಳುತ್ತಾರೆ. ನಾನು ಮಾತ್ರ ಬೇಡವೆನ್ನುತ್ತೇನೆ. ನೆಂಟರ ಮನೆಗೆ ಹೋದ ಹೆಂಗಸು ಎರಡನೇ ದಿನಕ್ಕೆ ಅವರ ಅಡುಗೆಮನೆಯಲ್ಲಿ ಈಳಿಗೆಮಣೆ ಮುಂದೆ ಕೂತಿರುತ್ತಾಳೆ. ವರ್ಷವೆಲ್ಲ ರಾತ್ರಿ ನಿದ್ದೆಗೆಟ್ಟವಳಿಗೆ ನಾಲ್ಕು ದಿನ ಯಾರೋ ಬಡಿಸಿದ್ದನ್ನು ಕೂತು ಉಣ್ಣುವ ಹಕ್ಕಿದೆ.

ಇಡೀ ಮನೆಯೇ ಹೊರಡಬೇಕೆಂದೂ ಇಲ್ಲ. ಜನವರಿಯಲ್ಲಿ ಮಕ್ಕಳಿಗೆ ದೊಡ್ಡ ರಜೆ ಇರುವುದಿಲ್ಲ, ಶನಿವಾರ ಭಾನುವಾರ ಎಲ್ಲ ಕಡೆ ಜನವೋ ಜನ. ಅತ್ತೆ ಸೊಸೆ ಇಬ್ಬರೇ ಸೋಮವಾರ ಹೊರಟು ಶುಕ್ರವಾರ ಬಂದರೆ ಏನಾಯಿತು? ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಸಾರಿನ ಪುಡಿ ಮಾಡಿಟ್ಟು ಹೋಗಿ. ಕುಕ್ಕರಿಗೆ ಎಷ್ಟು ಅಕ್ಕಿಗೆ ಎಷ್ಟು ನೀರು ಎಂದು ಒಂದು ಚೀಟಿ ಬರೆದು ಗೋಡೆಗೆ ಅಂಟಿಸಿ. ನಾಲ್ಕು ದಿನದಲ್ಲಿ ಯಾರೂ ಸೊರಗುವುದಿಲ್ಲ.

ಅಲ್ಲಿ ಹೋದ ಮೇಲೆ ಮಧ್ಯಾಹ್ನ ಕಡಲ ಹತ್ತಿರ ಸುಳಿಯಬೇಡಿ, 32–33 ಡಿಗ್ರಿ, ಬೆವರು ಸುರಿದು ಸುಸ್ತಾಗುತ್ತದೆ. ಬೆಳಿಗ್ಗೆ, ಸಂಜೆ ಹೋಗಿ. ಒಣ ಮರಳಿನಲ್ಲಿ ಕಾಲು ಹೂತು ಮಂಡಿಗೆ ತ್ರಾಸ. ಅಲೆ ಬಂದು ಹೋದ ಗಟ್ಟಿ ಮರಳಿನಲ್ಲಿ ಮೆಲ್ಲಗೆ ನಡೆಸಿ. ನೀರಿಗೆ ಇಳಿಯುವುದು ಬೇಡ. ಬಾಯಾರಿದರೆ ಬೊಂಡ ಕುಡಿಸಿ. ಆ ಕಡೆ ಎಳನೀರಿಗೆ ಬೊಂಡ ಅನ್ನುತ್ತಾರೆ, ಎಣ್ಣೆಯಲ್ಲಿ ಕರಿದದ್ದು ಬರುತ್ತದೆಂದು ಕಾಯುತ್ತಾ ಕೂರಬೇಡಿ! ಕುಚ್ಚಲಕ್ಕಿ ಗಂಜಿ ಕೆಲವರಿಗೆ ಮೊದಲ ದಿನ ಒಗ್ಗುವುದಿಲ್ಲ, ನೀರುದೋಸೆಗೆ ಯಾರೂ ಬೇಡವೆನ್ನಲಾರರು. ಮಾತ್ರೆಗಳನ್ನು ಎರಡು ದಿನಕ್ಕೆ ಹೆಚ್ಚಾಗಿಯೇ ಕಟ್ಟಿಕೊಳ್ಳಿ. ದಮ್ಮು, ಹೃದಯದ ತೊಂದರೆ ಇದ್ದವರು ಹೊರಡುವ ಮೊದಲು ತಮ್ಮ ಡಾಕ್ಟರನ್ನು ಕೇಳಲೇಬೇಕು. ಕಡಲ ಗಾಳಿಗೆ ಸವೆದ ಮಂಡಿ ಸರಿಹೋಗುವುದಿಲ್ಲ, ಚಳಿಗೆ ಮೈ ಬಿಗಿಯದಿದ್ದರೆ ನಿದ್ದೆ ಬರುತ್ತದೆ, ಅಷ್ಟೇ.

ಸ್ವೆಟರ್, ಕಾಲುಚೀಲ, ಮಫ್ಲರನ್ನು ಪೆಟ್ಟಿಗೆಯ ತಳಕ್ಕೆ ಹಾಕಬೇಡಿ. ಉಡುಪಿಯಲ್ಲಿ ಬೇಡವಾದರೂ ಘಾಟಿಯಲ್ಲಿ ಬೇಕು. ಬರುವಾಗಲಂತೂ ಬೆಳಗಿನ ಬಸ್ಸಿಗೇ ಹೊರಡಿ. ನಾಲ್ಕು ದಿನ ಬೆಚ್ಚಗಿದ್ದ ಮೈಯನ್ನು ರಾತ್ರಿ ಬಸ್ಸಿನ ಕಿಟಕಿಯ ಗಾಳಿಗೆ ಒಡ್ಡಿದರೆ ಹೋದದ್ದೆಲ್ಲ ವ್ಯರ್ಥ. ಹಗಲಿನಲ್ಲೇ ಘಾಟಿ ಹತ್ತಿ, ಬಿಸಿಲಿರುವಾಗಲೇ ಮನೆ ಸೇರಿ. ಹಂಡೆಗೆ ಉರಿ ಹಾಕಿಡಲು ಮನೆಯವರಿಗೆ ದಾರಿಯಿಂದಲೇ ಒಂದು ಫೋನು ಮಾಡಿ.