ಮುಸುವನನ್ನು ಮರೆತವರು

ಔರಾದದ ಹುಣಸೆ ಮರಕ್ಕೆ ಕರಿಮೋರೆಯ, ನೀಳ ಬಾಲದ ಕಪಿಗಳ ಹಿಂಡೊಂದು ಬಂದಿಳಿಯಿತೆನ್ನೋಣ. ಮರಾಠಿ ಮನೆಯವರು ‘ವಾನರ’ ಎನ್ನುವರು. ಉರ್ದು ಮನೆಯವರು ‘ಲಂಗೂರ್’ ಎನ್ನುವರು. ತೆಲುಗರು ‘ಕೊಂಡಮುಚ್ಚು’ ಎನ್ನುವರು. ಕನ್ನಡದ ಹೆಸರು ‘ಮುಸುವ’. ಉತ್ತರ ಕರ್ನಾಟಕದವರ ಬಾಯಲ್ಲಿ ‘ಮುಸ್ಯಾ’. ಅವರವರ ಹೆಸರು ಅವರವರಿಗೆ ಸಹಜ, ಅದರಲ್ಲಿ ತಕರಾರಿಲ್ಲ. ನಮ್ಮ ತಕರಾರಿರುವುದು, ಕನ್ನಡದಲ್ಲೇ ಬರೆಯುತ್ತ, ‘ಲಂಗೂರ್’ ಎಂಬುದೇ ಶಾಸ್ತ್ರೀಯ, ‘ಮುಸುವ’ ಹಳ್ಳಿಗರ ಮಾತು ಎಂದು ಮೂಗು ಮುರಿಯುವ ವಿದ್ಯಾವಂತರೊಡನೆ.

ಈ ‘ಲಂಗೂರ್’ ಎಲ್ಲಿಯದು? ಸಂಸ್ಕೃತದಲ್ಲಿ ‘ಲಾಂಗೂಲ’ವೆಂದರೆ ಬಾಲ. ಅದೇ ಮಾತು ಹಿಂದಿಯಲ್ಲಿ ಸವೆದು ಲಂಗೂರ್ ಆಯಿತು. ಇಂಗ್ಲಿಷರು ಅಲ್ಲಿಂದ ಎತ್ತಿಕೊಂಡರು. ನಾವು ಇಂಗ್ಲಿಷ್ ಪುಸ್ತಕದಿಂದ ಎರವಲು ತಂದು ವಿಜ್ಞಾನವೆಂದು ಬೀಗುತ್ತಿದ್ದೇವೆ. ವಾಲ್ಮೀಕಿ ರಾಮಾಯಣದ ಕಪಿಸೇನೆಯಲ್ಲಿಯೂ ‘ಗೋಲಾಂಗೂಲ’ರಿದ್ದಾರೆ, ಹಸುವಿನ ಬಾಲದವರು ಎಂದರ್ಥ. ಶಾಸ್ತ್ರೀಯವೆಂದು ಮೆರೆಸಿದ ಹೆಸರಿನ ತಿರುಳು ‘ಬಾಲದವ’ ಎಂಬಷ್ಟೆ! ವಿಜ್ಞಾನಿಗಳ ಹೆಸರೇ ಬೇರೆ: ಸೆಮ್ನೊಪಿಥೆಕಸ್. 1822ರಲ್ಲಿ ಫ್ರಾನ್ಸಿನ ದೆಮಾರೆ ಇಟ್ಟ ಆ ಗ್ರೀಕ್ ಹೆಸರಿಗೆ ‘ಪೂಜ್ಯ ಕಪಿ’ ಎಂದರ್ಥ.

ಇತ್ತ ನಮ್ಮ ‘ಮುಸುವ’ ದಿಕ್ಕಿಲ್ಲದ ಮಾತೇನೂ ಅಲ್ಲ. ತಮಿಳಿನ ‘ಮುಸು’, ತೆಲುಗಿನ ‘ಮುಚ್ಚು’ ಅದರ ಒಡಹುಟ್ಟಿದ ಮಾತುಗಳು.

ಹೆಸರಿನಲ್ಲೇನಿದೆ ಎನ್ನುವವರುಂಟು. ಇದೆ. ಮುಸುವ ಬೇರೆ, ಕೆಂಪು ಮೋರೆಯ ಮಂಗ ಬೇರೆ. ಮುಸುವನದು ಎಲೆ ಅರಗಿಸಬಲ್ಲ, ಕೋಣೆಕೋಣೆಯಾದ ಹೊಟ್ಟೆ. ಮಂಗನಿಗೆ ತಿಂಡಿ ತುಂಬಿಕೊಳ್ಳುವ ಕೆನ್ನೆಚೀಲ. ಎರಡು ಪ್ರಾಣಿಯೆಂದು ಗುರುತಿಸಿದ್ದರಿಂದಲೇ ಹಿರಿಯರು ಎರಡು ಹೆಸರಿಟ್ಟರು. ಆ ಹೆಸರನ್ನು ಮರೆತವರು ಈಗ ಕರಿಮೋರೆ ಕಂಡಲ್ಲೆಲ್ಲ ‘ಸಿಂಗಳೀಕ’ ಎಂದು ಬರೆದುಬಿಡುತ್ತಾರೆ. ಸಿಂಗಳೀಕವಾದರೋ ಪಶ್ಚಿಮ ಘಟ್ಟದ ಕಾಡುಗಳನ್ನು ಬಿಟ್ಟರೆ ಪ್ರಪಂಚದ ಬೇರಾವ ಕಾಡಿನಲ್ಲೂ ಇಲ್ಲದ, ಅಳಿವಿನ ಅಂಚಿಗೆ ಬಂದಿರುವ ಪ್ರಾಣಿ. ಔರಾದದ ಬಯಲಿನಲ್ಲೂ ಸಿಂಗಳೀಕವುಂಟೆಂದು ನಂಬಿದ ಓದುಗ, ಘಟ್ಟದಲ್ಲಿ ಅದು ಅಳಿಯುತ್ತಿದೆಯೆಂದರೆ ಏಕೆ ಮರುಗಿಯಾನು?

ಔರಾದ ನಮ್ಮ ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ನಾಲ್ಕು ನುಡಿಗಳ ನಡುವೆ ಬಾಳುವ ಅಲ್ಲಿಯ ಕನ್ನಡಿಗನಿಗೆ ತನ್ನ ಮಾತು ಉಳಿಸಿಕೊಳ್ಳುವುದು ಕಷ್ಟವಾದರೆ ಕ್ಷಮೆಯುಂಟು. ಸುತ್ತಲೂ ಕನ್ನಡವಿದ್ದೂ ಮೇಜಿನ ಮುಂದೆ ಕುಳಿತು ಮರೆತ ನಮಗೆ ಯಾವ ನೆಪವಿದೆ? ಉರ್ದು ನೆರೆಯವನ ಲಂಗೂರ್ ಅವನಿಗಿರಲಿ. ನಮ್ಮ ಮಕ್ಕಳ ಪುಸ್ತಕಕ್ಕೆ ಮುಸುವ ಮರಳಿ ಬರಲಿ.