ಏಳು ಗಂಟೆಯ ಸೈರನ್

ಮೋಹಿತ್ಯಾಂಚೆ ವಡಗಾಂವ್ ಎಂಬುದು ನೆರೆಯ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಸುಮಾರು ಮೂರು ಸಾವಿರ ಜನರ ಹಳ್ಳಿ. 2022ರ ಆಗಸ್ಟ್‌ನಲ್ಲಿ ಅಲ್ಲಿನ ದೇವಸ್ಥಾನದ ಸೈರನ್ ಸಂಜೆ ಏಳಕ್ಕೆ ಕೂಗಲು ಶುರುಮಾಡಿತು. ಕೂಗಿದೊಡನೆ ಮೊಬೈಲು, ಟಿ.ವಿ. ಬಂದ್. ಮತ್ತೆ ಸೈರನ್ ಕೇಳುವುದು ಎಂಟೂವರೆಗೆ. ಕೊರೊನಾ ಕಾಲದ ಆನ್‌ಲೈನ್ ಪಾಠ ಮುಗಿದು ಶಾಲೆ ತೆರೆದ ಮೇಲೂ ಮಕ್ಕಳ ಕೈಯಿಂದ ಫೋನು ಇಳಿಯದ್ದನ್ನು ಕಂಡು ಊರವರೇ ಮಾಡಿಕೊಂಡ ಏರ್ಪಾಡಿದು. ಆಶಾ, ಅಂಗನವಾಡಿ ಕಾರ್ಯಕರ್ತೆಯರು ಮನೆಮನೆ ತಿರುಗಿ ಜನರನ್ನು ಒಪ್ಪಿಸಬೇಕಾಯಿತು.

ಇದನ್ನು ಯಾರಿಗೆ ಹೇಳಿದರೂ ಮೊದಲು ಬರುವ ಪ್ರಶ್ನೆ ಒಂದೇ: ‘ಅರ್ಜೆಂಟ್ ಕಾಲ್ ಬಂದರೆ?’

ಈ ಅರ್ಜೆಂಟಿನ ಬಗ್ಗೆ ನಮಗೆ ಮೊದಲಿನಿಂದಲೂ ಗುಮಾನಿ. ದೇಶದ ಮೊದಲ ಮೊಬೈಲ್ ಕರೆ ಹೋದದ್ದು 1995ರ ಜುಲೈ 31ರಂದು, ಕೋಲ್ಕತ್ತದಿಂದ ಆಗಿನ ಪಶ್ಚಿಮ ಬಂಗಾಳ ಮುಖ್ಯಮಂತ್ರಿ ಜ್ಯೋತಿ ಬಸು ಅವರು ದೆಹಲಿಯಲ್ಲಿದ್ದ ಕೇಂದ್ರ ಸಂಪರ್ಕ ಸಚಿವ ಸುಖ್‌ರಾಂ ಅವರಿಗೆ ಮಾಡಿದ್ದು. ಆಗ ಬಂದ ಕರೆಗೂ ದುಡ್ಡು ತೆರಬೇಕಿತ್ತು. ಒಳಬರುವ ಕರೆ ಪುಕ್ಕಟೆಯಾದದ್ದು 2003ರಲ್ಲಿ. ಆ ದಿನಗಳಲ್ಲಿ ಜನ ಎರಡು ಮಾತಾಡಿ ಇಡುತ್ತಿದ್ದರು. ಬಸ್ ಹತ್ತಿದೆ ಎನ್ನಲು ಒಂದು ಮಿಸ್ ಕಾಲ್ ಸಾಕಾಗಿತ್ತು. ಹೆರಿಗೆ, ಸಾವು, ಆಸ್ಪತ್ರೆ ಆಗಲೂ ಇದ್ದವು. 2016ರಲ್ಲಿ ಡೇಟಾ ಅಗ್ಗವಾಯಿತು ನೋಡಿ, ಅಲ್ಲಿಂದ ಎಲ್ಲರಿಗೂ ಹೊತ್ತೆಲ್ಲ ಅರ್ಜೆಂಟೇ. ಇಳಿದದ್ದು ದರ, ಏರಿದ್ದು ‘ಅಗತ್ಯ’. ಊಟದ ತಟ್ಟೆಯ ಪಕ್ಕ ಫೋನು ಇಟ್ಟುಕೊಂಡವರು ಕಾಯುತ್ತಿರುವುದು ಆಸ್ಪತ್ರೆಯ ಕರೆಗಲ್ಲ ಎಂಬುದು ಅವರಿಗೂ ಗೊತ್ತು. ಸ್ಟೇಟಸ್ ಯಾರು ಯಾರು ನೋಡಿದರು, ನೀಲಿ ಗೀಟು ಬಿದ್ದ ಮೇಲೂ ಅವನೇಕೆ ಉತ್ತರ ಕೊಟ್ಟಿಲ್ಲ ಎಂಬ ಚಡಪಡಿಕೆ ಅದು. (ವಾಟ್ಸ್ಆ್ಯಪ್ ಆ ನೀಲಿ ಗೀಟು ತಂದದ್ದು 2014ರಲ್ಲಿ. ಅದಕ್ಕೂ ಮುಂಚೆ ಈ ಸಂಕಟ ಯಾರಿಗೂ ಇರಲಿಲ್ಲ.)

ನಿಜಕ್ಕೂ ಚಟಕ್ಕೆ ಬಿದ್ದವರಿದ್ದಾರೆ. ಅಂಥವರಿಗಾಗಿ ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ‘ಶಟ್’ ಕ್ಲಿನಿಕ್ ತೆರೆದಿದೆ. ಉಳಿದ ನಮ್ಮನಿಮ್ಮಂಥವರ ಸಮಸ್ಯೆ ಇನ್ನೂ ಸಣ್ಣದು: ಒಬ್ಬರೇ ಫೋನು ಇಟ್ಟರೆ ಹಿಂದೆ ಬಿದ್ದೇವೆಂಬ ಭಯ. ವಡಗಾಂವ್‌ನವರ ಜಾಣತನ ಇರುವುದು ಇಲ್ಲೇ. ಯಾರೊಬ್ಬರ ಮನೋಬಲವನ್ನೂ ನಂಬದೆ ಇಡೀ ಊರು ಒಟ್ಟಿಗೆ ಇಟ್ಟುಬಿಟ್ಟಿತು. ಆ ಹೊತ್ತಿನಲ್ಲಿ ಕರೆ ಮಾಡುವವರೇ ಇಲ್ಲದಿದ್ದರೆ ತಪ್ಪಿಹೋಗುವ ಕರೆ ಯಾವುದು?

ಒಂದು ತಕರಾರನ್ನು ಒಪ್ಪಲೇಬೇಕು. ಬ್ಯಾಂಕಿಗೆ ಓಟಿಪಿ, ತರಕಾರಿಯವನಿಗೆ ಯುಪಿಐ, ಗ್ಯಾಸ್ ಬುಕಿಂಗ್ ಎಂದು ಫೋನನ್ನು ನಮ್ಮ ಕೊರಳಿಗೆ ಕಟ್ಟಿದವರು ಬೇರೆಯವರೇ. ಆದರೆ ಅವೆಲ್ಲ ಎರಡು ನಿಮಿಷದ ಕೆಲಸ, ಸಂಜೆಯಿಡೀ ತಿನ್ನುವಂಥವಲ್ಲ.

ಸಂಜೆ ತಿನ್ನುವುದರಲ್ಲಿ ಶಾಲೆಗಳ ಪಾಲೂ ಇದೆ. ಬೆಳಗಿನ ಪ್ರಾರ್ಥನೆಯಲ್ಲಿ ಮೊಬೈಲ್ ಹಾಳು ಎಂದು ಭಾಷಣ. ರಾತ್ರಿ ಎಂಟಕ್ಕೆ ಪೋಷಕರ ವಾಟ್ಸ್ಆ್ಯಪ್ ಗುಂಪಿಗೆ ಹೋಂವರ್ಕಿನ ಫೋಟೊ. ಮಗು ಫೋನು ಕೇಳದೆ ಇನ್ನೇನು ಮಾಡೀತು? ಸೈರನ್ ಕೊಳ್ಳುವುದು ಪಂಚಾಯಿತಿಗೆ ಬಿಟ್ಟ ವಿಚಾರ. ಶಿಕ್ಷಕರಲ್ಲಿ ನಮ್ಮ ವಿನಂತಿ ಇಷ್ಟೆ: ಹೋಂವರ್ಕನ್ನು ತರಗತಿಯಲ್ಲೇ, ಡೈರಿಯಲ್ಲಿ, ಪೆನ್ಸಿಲಿನಲ್ಲಿ ಬರೆಸಿ ಕಳಿಸಿ.