ಚೀಲದ ಬೆಲೆ ಯಾರಿಗೆ, ಹೊಲಿಗೆಯ ಕೂಲಿ ಯಾರಿಗೆ?



ಶಿವಾಜಿನಗರದ ನಮ್ಮ ಮನೆಗಳಲ್ಲಿ ಹೊಲಿಗೆ ಯಂತ್ರ ಹೊಸದಲ್ಲ. ಹೋಟೆಲಿನ ಪಗಾರ ಸಾಲದಾದಾಗ, ಗಿರಣಿ ಬಾಗಿಲು ಮುಚ್ಚಿದಾಗ, ಒಲೆ ಆರದಂತೆ ಕಾಯ್ದದ್ದು ಆ ಯಂತ್ರವೇ. ಈಗ ರವಿಕೆ, ಲಂಗಗಳ ಜೊತೆಗೆ ತೊಗಲಿನ ದೊಡ್ಡ ಕೈಚೀಲಗಳನ್ನೂ ಕೆಲವು ಸೋದರಿಯರು ಹೊಲಿಯತೊಡಗಿದ್ದಾರೆ. ಎರಡು ಹಿಡಿಕೆಯ, ಬಾಯಿ ತೆರೆದ, ಪೇಟೆಯವರು ಟೋಟ್ ಎನ್ನುವ ಚೀಲ. ವಿದೇಶೀ ಕಂಪನಿಗಳು ಲಕ್ಷಗಟ್ಟಲೆ ರೂಪಾಯಿಗೆ ಮಾರುವ ಮಾದರಿ. ಇದನ್ನು ಕಂಡು ಎರಡು ಬಗೆಯ ಜನ ಮೂಗು ಮುರಿಯುತ್ತಾರೆ. 'ಇದು ನಕಲು, ಕಳ್ಳತನ' ಎನ್ನುವವರು ಒಂದು ಕಡೆ. 'ತೊಗಲಿನ ಕೆಲಸ ನಮ್ಮ ಮನೆಯಲ್ಲೇ?' ಎನ್ನುವವರು ಇನ್ನೊಂದು ಕಡೆ. ಇಬ್ಬರಿಗೂ ನಾವು ಉತ್ತರ ಕೊಡಲೇಬೇಕು.

ನಕಲು ಎನ್ನುವವರನ್ನು ಕೇಳುತ್ತೇವೆ: ಯಾರದನ್ನು ಯಾರು ನಕಲು ಮಾಡಿದರು? 1944ರಲ್ಲಿ ಅಮೆರಿಕದ ಮೇನ್ ಪ್ರಾಂತದ ಒಂದು ಕಂಪನಿ ಮಂಜುಗಡ್ಡೆ ಹೊರಲೆಂದು ದಪ್ಪ ಕ್ಯಾನ್ವಾಸಿನಲ್ಲಿ ಇಂಥದೇ ಚೀಲ ಮಾಡಿ ಮಾರಿತು. ಹೊರೆ ಹೊರುವ ಚೀಲ ಶ್ರೀಮಂತರ ಕೈಗೆ ಆಮೇಲೆ ಏರಿತು. ನಮ್ಮ ಸೀಮೆಯ ಕಥೆ ಇನ್ನೂ ಹತ್ತಿರದ್ದು. 2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ಪ್ರದರ್ಶನದಲ್ಲಿ ಕೊಲ್ಹಾಪುರಿ ಚಪ್ಪಲಿಯನ್ನೇ ಹೋಲುವ ಚಪ್ಪಲಿಯನ್ನು ಮೆರೆಸಿತು. ಕೊಲ್ಹಾಪುರದ ಹೆಸರನ್ನೇ ಎತ್ತಲಿಲ್ಲ. ಆ ಚಪ್ಪಲಿಗೆ 2019ರಲ್ಲೇ ಭೌಗೋಳಿಕ ಗುರುತು ದೊರೆತಿತ್ತು. ಅದರ ಹಕ್ಕು ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೋಲಾಪುರಗಳಿಗೂ, ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳಿಗೂ ಸೇರಿದ್ದು. ಅಥಣಿ, ನಿಪ್ಪಾಣಿಗಳ ಕೈಗಳು ಅದನ್ನು ಕಟ್ಟುತ್ತಲೇ ಬಂದಿವೆ. ಜನ ಗದ್ದಲವೆಬ್ಬಿಸಿದ ಮೇಲೆ ಕಂಪನಿ ಮೂಲವನ್ನು ಒಪ್ಪಿಕೊಂಡಿತು. ಡಿಸೆಂಬರಿನಲ್ಲಿ ಎರಡೂ ರಾಜ್ಯಗಳ ಚರ್ಮ ನಿಗಮಗಳೊಡನೆ ಕರಾರು ಮಾಡಿತು. ಇಲ್ಲಿ 2,000 ಜೊತೆ ಮಾಡಿಸಿ ಜೊತೆಗೆ ಸುಮಾರು 800 ಯೂರೋದಂತೆ ಮಾರುವುದಾಗಿ ಹೇಳಿತು. ದೊಡ್ಡವರು ಮಾಡಿದರೆ ಸ್ಫೂರ್ತಿ, ಬಡವಿ ಮಾಡಿದರೆ ಕಳ್ಳತನ! ಇದಾವ ನ್ಯಾಯ?

ಆ ದುಬಾರಿ ಬೆಲೆ ಹೊಲಿದವನಿಗಾದರೂ ಸೇರುತ್ತದೆಯೆ? 2024ರಲ್ಲಿ ಮಿಲಾನಿನ ನ್ಯಾಯಾಲಯವು ಡಿಯೋರ್ ಕಂಪನಿಯ ಚೀಲ ತಯಾರಿಕಾ ಶಾಖೆಯನ್ನು ಆಡಳಿತಾಧಿಕಾರಿಯ ಉಸ್ತುವಾರಿಗೆ ಒಪ್ಪಿಸಿತು. ಅಂಗಡಿಯಲ್ಲಿ 2,600 ಯೂರೋ ಬೆಲೆಯ ಚೀಲವನ್ನು ಮಾಡಿಕೊಟ್ಟ ಗುತ್ತಿಗೆದಾರನಿಗೆ, ತೊಗಲಿನ ವೆಚ್ಚ ಬಿಟ್ಟು, 53 ಯೂರೋ ಕೊಟ್ಟದ್ದು ದಾಖಲೆಗಳಲ್ಲಿ ಬಯಲಾಯಿತು. ಅಲ್ಲಿ ಕೆಲಸಗಾರರು ದುಡಿಯುವಲ್ಲೇ ಮಲಗುತ್ತಿದ್ದರಂತೆ. ಹೋಟೆಲಿನ ಮೇಜು ಜೋಡಿಸಿಕೊಂಡು ಮಲಗಿದ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕೆ? 2025ರಲ್ಲಿ ಉಸ್ತುವಾರಿ ತೆರವಾಯಿತು. ಆ ಲೆಕ್ಕ ಮಾತ್ರ ಅಳಿಯದು.

ಇನ್ನು ತೊಗಲಿಗೆ ಹೇಸುವವರು. ಗಿರಣಿಯ ಹಿರಿಯರೇ ಹೇಳಲಿ: ಮಗ್ಗದಲ್ಲಿ ಲಾಳಿಯನ್ನು ಹೊಡೆಯುತ್ತಿದ್ದ ಪಿಕರು ಯಾವುದರದು? ಎಮ್ಮೆಯ ತೊಗಲಿನದು. ತೊಗಲಿಲ್ಲದೆ ಬಟ್ಟೆಯಿಲ್ಲ, ಮೆಟ್ಟಿಲ್ಲ. ಅದನ್ನು ಹದ ಮಾಡಿದವನು ಮಾತ್ರ ಕೀಳೆ? ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾದುದಕ್ಕೆ ಬೀಗರಿಬ್ಬರೂ ಪ್ರಾಣ ತೆತ್ತರೆಂಬ ಕಥೆಯನ್ನು ನಾವು ಜಯಂತಿಗಳಲ್ಲಿ ಕೈ ಮುಗಿದು ಕೇಳುತ್ತೇವೆ. ಕೇಳಿ ಮನೆಗೆ ಬಂದು ತೊಗಲು ಮುಟ್ಟಿದವಳಿಗೆ ಮುಖ ತಿರುಗಿಸುವುದು ಯಾವ ಭಕ್ತಿ?

ನಿಜವಾದ ಅಪಾಯ ಬೇರೆಯೇ ಇದೆ, ಅದು ದಲಾಲಿಯದು. ತೊಗಲಿನ ಹೊಲಿಗೆ ಬಟ್ಟೆಯ ಹೊಲಿಗೆಯಲ್ಲ. ಸೂಜಿ ಒಮ್ಮೆ ಇಳಿದರೆ ತೂತು ಮುಚ್ಚದು. ಬಿಚ್ಚಿ ತಿದ್ದುವಂತಿಲ್ಲ, ಟಾಚಣಿ ಚುಚ್ಚುವಂತಿಲ್ಲ. ಹಿಡಿಕೆಯ ಬುಡದಲ್ಲಿ ಮೂರು ನಾಲ್ಕು ಪದರ ಕೂಡಿದರೆ ಮನೆಯ ಯಂತ್ರ ನಿಂತುಬಿಡುತ್ತದೆ. ಆಗ ತೂತು ಕೊರೆದು, ಮೇಣ ಹಚ್ಚಿದ ಒಂದೇ ದಾರದ ಎರಡು ತುದಿಗೂ ಸೂಜಿ ಪೋಣಿಸಿ ಕೈಯಲ್ಲೇ ಹೊಲಿಯಬೇಕು. ಕೆಟ್ಟ ತುಂಡಿನ ನಷ್ಟ, ಕರೆಂಟಿನ ಬಿಲ್ಲು, ಮುರಿದ ಸೂಜಿ ಎಲ್ಲವೂ ಹೊಲಿಯುವವಳ ತಲೆಗೆ. ದಲಾಲಿ ಮಾತ್ರ ಚೀಲ ಎಣಿಸುತ್ತಾನೆ, ತಾಸು ಎಣಿಸುವುದಿಲ್ಲ.

ಮನೆಯಲ್ಲಿ ದುಡಿಯುವವರಿಗೂ ಇತರ ಕೂಲಿಕಾರರಷ್ಟೇ ಮನ್ನಣೆಯಿರಲೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1996ರಲ್ಲಿ 177ನೆಯ ಒಡಂಬಡಿಕೆ ಮಾಡಿತು. ಭಾರತ ಅದಕ್ಕೆ ಸಹಿ ಹಾಕಿಲ್ಲ. 2020ರ ಸಾಮಾಜಿಕ ಭದ್ರತಾ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಅದರಲ್ಲಿ ಮನೆಯಲ್ಲಿ ದುಡಿಯುವ ಕಾರ್ಮಿಕರ ಹೆಸರೇನೋ ಇದೆ. ಹೆಸರು ಬರೆದರೆ ಹೊಟ್ಟೆ ತುಂಬುವುದೆ?

ಆದುದರಿಂದ ನಾವು ಹೇಳುವುದಿಷ್ಟು:

1. ಚೀಲ ಹೊಲಿಯಿರಿ, ಪರರ ಮುದ್ರೆ ಒತ್ತಬೇಡಿ. ದಲಾಲಿ ಲೋಹದ ಅಕ್ಷರ ತಂದುಕೊಟ್ಟರೆ ಹಿಂದಕ್ಕೆ ಕೊಡಿ. 1999ರ ಟ್ರೇಡ್ ಮಾರ್ಕ್ ಕಾಯಿದೆಯಂತೆ ಸುಳ್ಳು ಮುದ್ರೆಗೆ ಆರು ತಿಂಗಳಿಂದ ಮೂರು ವರ್ಷದವರೆಗೆ ಸಜೆ. ಲಾಭ ಅವನಿಗೆ, ಜೈಲು ನಿಮಗೆ. ಯಾರೋ ನೋಂದಾಯಿಸಿದ ವಿಶೇಷ ಆಕಾರವನ್ನೂ ಹಾಗೆಯೇ ಎತ್ತಬೇಡಿ.

2. ನಿಮ್ಮದೇ ಗುರುತು ಹಾಕಿ, ಬೇಕಾದರೆ ಕನ್ನಡದಲ್ಲೇ.

3. ತಾಸು ಬರೆದಿಡಿ. ತೊಗಲು, ದಾರ, ಕರೆಂಟು, ನಷ್ಟ, ಕೂಲಿ ಇವಿಷ್ಟನ್ನೂ ಕೂಡಿಸಿ ದರ ಹೇಳಿ. ಹತ್ತು ಮನೆಯವರು ಒಂದೇ ದರ ಹೇಳಿದರೆ ದಲಾಲಿ ಹನ್ನೊಂದನೆಯ ಮನೆಗೆ ಎಲ್ಲಿಗೆ ಹೋದಾನು?

4. ತೊಗಲು ಹದಮಾಡಿದವನೊಡನೆ ಚೌಕಾಶಿ ಬೇಡ. ಅವನೂ ನಮ್ಮವನೇ.

ಗಂಡಸರಿಗೆ ಒಂದು ಮಾತು. ಹೋಟೆಲಿನಲ್ಲಿ ಎಂಟು ತಾಸಿನ ಮೇಲೆ ದುಡಿಸಿದರೆ ಓವರ್‌ಟೈಮ್ ಕೇಳುವ ನಾವು, ಮನೆಯೊಳಗೆ ನಡುರಾತ್ರಿಯವರೆಗೆ ಹೊಲಿಯುವವಳ ಕೆಲಸವನ್ನು 'ಬಿಡುವಿನ ಕೆಲಸ' ಎಂದು ಕರೆಯುವುದನ್ನು ಇಂದಿಗೇ ನಿಲ್ಲಿಸೋಣ. ಅದು ದುಡಿಮೆ. ದುಡಿಮೆಗೆ ಕೂಲಿ ಬೇಕು.